ಹೋದ ವರ್ಷಕ್ಕೆ ಹೋದ ಕ್ಯಾಮೆರಾ

ಅವಳನ್ನು ಎಲ್ಲರೂ ಟೇಕಮ್ಮ ಎಂದೇ ಕರೆಯುತ್ತಿದ್ದರು. ದೃಶ್ಯ ಎಷ್ಟೇ ಚೆನ್ನಾಗಿ ಬಂದಿರಲಿ, "ಇನ್ನೊಂದು ಟೇಕ್" ಎನ್ನದೆ ಕ್ಯಾಮೆರಾ ಮುಚ್ಚಿದವಳಲ್ಲ. ಬೆನ್ನ ಹಿಂದೆ ಹುಟ್ಟಿದ ಹೆಸರು ಆಮೇಲೆ ಮುಖದೆದುರಿಗೇ ಬಂತು. ಸರಕು ಹಡಗಿನಲ್ಲಿ ಅಡುಗೆ ಮಾಡುತ್ತ ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೇ ಇರುವ ಅವಳ ಗಂಡ ಕೂಡ ಕೊನೆಗೆ ತನ್ನ ಫೋನಿನಲ್ಲಿ ಹಾಗೆಯೇ ಬರೆದಿಟ್ಟುಕೊಂಡ.

ಹದಿನೆಂಟನೆಯ ವಯಸ್ಸಿಗೆ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸುವ ಕೆಲಸಕ್ಕೆ ಸೇರಿದವಳು, ನಲವತ್ತಾರು ತುಂಬುವ ಹೊತ್ತಿಗೆ ತನ್ನ ಕೆಲಸ ತಾನೇ ಹುಡುಕಿಕೊಂಡು ವಿಡಿಯೋ ಮಾಡಿಕೊಡುವವಳಾಗಿದ್ದಳು. ದೊಡ್ಡ ಚಿತ್ರಗಳ ಗೊಡವೆ ಅವಳಿಗಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಎರಡು ನಿಮಿಷದ ಪರಿಚಯ ಮಾಡಿಕೊಟ್ಟಿದ್ದಳು; ಆ ಡಾಕ್ಟರಿಗೆ ತಮ್ಮದೇ ಮುಂದಿನ ಹಲ್ಲು ಸೊಟ್ಟ ಎಂಬ ಸಂಕೋಚ, ವಿಡಿಯೋ ಉದ್ದಕ್ಕೂ ಬಾಯಿ ಬಿಗಿದುಕೊಂಡೇ ನಕ್ಕಿದ್ದರು. ಡ್ರೈವಿಂಗ್ ಶಾಲೆಗೆ ಕಾರು ಹಿಂದಕ್ಕೆ ತೆಗೆಯುವ ಪಾಠ ಮಾಡಿದ್ದಳು. ಲಿಫ್ಟ್ ಮಧ್ಯದಲ್ಲಿ ನಿಂತರೆ ಯಾವ ಗುಂಡಿ ಒತ್ತಬೇಕೆಂದು ಹೇಳುವ ವಿಡಿಯೋ ತೆಗೆಯುವಾಗ ಲಿಫ್ಟ್ ನಿಜವಾಗಿಯೂ ನಿಂತುಬಿಟ್ಟು, ಆ ಗುಂಡಿಯನ್ನು ಎಷ್ಟು ಒತ್ತಿದರೂ ಯಾರೂ ಬರದೆ, ನಲವತ್ತು ನಿಮಿಷ ಒಳಗೇ ಕೂತಿದ್ದಳು.

ಇಷ್ಟು ವರ್ಷ ಜನರ ಮುಖಗಳನ್ನು ಪರದೆಯ ಮೇಲೆ ಹಿಂದೆ ಮುಂದೆ ಓಡಿಸಿ ನೋಡಿದ್ದಕ್ಕೋ ಏನೋ, ಅನುಮಾನ ಅವಳಿಗೊಂದು ಚಾಳಿಯಾಗಿಬಿಟ್ಟಿತ್ತು. ಸುಳ್ಳು ಹೇಳುವವರ ಕತ್ತು ಬಾಯಿಗಿಂತ ಮೊದಲು ಬಿಗಿಯುತ್ತದೆ ಎಂಬುದು ಅವಳ ಲೆಕ್ಕ. ತರಕಾರಿಯವನ ಕತ್ತು, ಬ್ಯಾಂಕಿನವನ ಕತ್ತು, ಗಂಡ ಹಡಗಿನಿಂದ ಕರೆ ಮಾಡಿದಾಗ ಅವನ ಕತ್ತು, ಒಂದನ್ನೂ ಬಿಡುತ್ತಿರಲಿಲ್ಲ. "ನಿನ್ನ ಎದುರು ನೆಮ್ಮದಿಯಾಗಿ ಉಗುಳು ನುಂಗೋಕೂ ಆಗಲ್ಲ ಕಣೇ" ಎಂದು ಅತ್ತೆ ಗೊಣಗುತ್ತಿದ್ದರು. ಅತ್ತೆ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಮಂಡಿನೋವು ಬಂದ ಮೇಲೆ ಅಂಗಡಿ ಮುಚ್ಚಿ, ಹೊಲಿಗೆ ಯಂತ್ರವನ್ನು ಸೊಸೆಯ ಎಡಿಟಿಂಗ್ ಕೋಣೆಯ ಕಿಟಕಿ ಪಕ್ಕ ತಂದಿಟ್ಟುಕೊಂಡಿದ್ದರು.

ಟೇಕಮ್ಮ ಅನುಮಾನ ಪಡದೆ ಬಿಟ್ಟ ಮನುಷ್ಯ ಒಬ್ಬನೇ, ಕಿವಿಯಣ್ಣ. ಶಬ್ದ ಹಿಡಿಯುವವನು. ಹನ್ನೊಂದು ವರ್ಷದಿಂದ ಅವಳ ಪ್ರತಿ ಕೆಲಸಕ್ಕೂ ಅವನೇ. ಹೆಡ್‌ಫೋನ್ ತಲೆಗೇರಿಸಿದನೆಂದರೆ ಪಕ್ಕದ ಬೀದಿಯ ನಲ್ಲಿ ತೊಟ್ಟಿಕ್ಕುವುದನ್ನೂ ಹೇಳುತ್ತಿದ್ದ. ಮಾತು ಕಡಿಮೆ. ಅವಳಿಗಿಂತ ಐದು ವರ್ಷ ದೊಡ್ಡವನು, "ನೀನು" ಎಂದೇ ಮಾತಾಡಿಸುವನು; ಒಡಹುಟ್ಟಿದವರಿಲ್ಲದ ಅವಳಿಗೆ ಅದು ಹಿತವಾಗಿತ್ತು.

ಆ ಅಕ್ಟೋಬರಿನಲ್ಲಿ ಲಾಂಡ್ರಿಯ ಕೆಲಸ ತಂದವನೂ ಅವನೇ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಘಟಕ. ಕೆಲಸಗಾರರಿಗೆ ಸುರಕ್ಷತೆಯ ಪಾಠ, ಏಳು ನಿಮಿಷದ ವಿಡಿಯೋ, ಒಂದು ದಿನದ ಚಿತ್ರೀಕರಣ. ಮ್ಯಾನೇಜರ್ ಫೋನಿನಲ್ಲಿ ಬೆಣ್ಣೆಯಂತೆ ಮಾತಾಡಿದ. ಅವಳು ಹೇಳಿದ ದರಕ್ಕೆ ಚೌಕಾಸಿಯನ್ನೇ ಮಾಡಲಿಲ್ಲ. ಸಣ್ಣ ಕೆಲಸ ಕೊಡುವವರು ಚೌಕಾಸಿ ಮಾಡದಿದ್ದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಏನೋ ಸರಿಯಿಲ್ಲ" ಎಂದಳು ಕಿವಿಯಣ್ಣನಿಗೆ.

"ನಿನಗೆ ಯಾವುದು ತಾನೆ ಸರಿಯಿದೆ?" ಎಂದ ಅವನು, ವ್ಯಾನಿಗೆ ಪೆಟ್ಟಿಗೆ ಏರಿಸುತ್ತ.

ಲಾಂಡ್ರಿಯೊಳಗೆ ಕಾಲಿಟ್ಟರೆ ಬಿಸಿ ಹಬೆ ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿದಂತೆ ಅಂಟಿಕೊಂಡಿತು. ಒಂದು ಬದಿಯಲ್ಲಿ ಆನೆ ಗಾತ್ರದ ಒಗೆಯುವ ಯಂತ್ರಗಳು, ಇನ್ನೊಂದು ಬದಿಯಲ್ಲಿ ಸಾಲಾಗಿ ನಾಲ್ಕು ಇಸ್ತ್ರಿ ಯಂತ್ರ. ಪ್ರತಿಯೊಂದರಲ್ಲೂ ಕಾದ ಎರಡು ಉರುಳೆಗಳು ಹಗಲೆಲ್ಲ ತಿರುಗುತ್ತಿರುತ್ತವೆ; ಒದ್ದೆ ಹಾಸಿಗೆ ಬಟ್ಟೆಯ ಅಂಚನ್ನು ಇಬ್ಬರು ಹೆಂಗಸರು ಹಿಡಿದು ಅವುಗಳ ಬಾಯಿಗೆ ಕೊಟ್ಟರೆ, ಆ ಕಡೆಯಿಂದ ಹಪ್ಪಳದಂತೆ ಗರಿಗರಿಯಾಗಿ ಬರುತ್ತದೆ. ಉರುಳೆಗಳ ಬಾಯಿಗೆ ಬೆರಳು ಹೋಗದಂತೆ ಅಡ್ಡಲಾಗಿ ಒಂದು ಹಳದಿ ಕಂಬಿ. ಅದನ್ನು ಮುಟ್ಟಿದರೆ ಯಂತ್ರ ನಿಲ್ಲಬೇಕು. ವಿಡಿಯೋದ ಮುಖ್ಯ ಪಾಠವೇ ಆ ಕಂಬಿ.

ಟೇಕಮ್ಮ ಹತ್ತಿರದ ದೃಶ್ಯಕ್ಕೆಂದು ಕ್ಯಾಮೆರಾವನ್ನು ಕಂಬಿಯ ಬಳಿಗೆ ಒಯ್ದಳು. ಅಷ್ಟು ಸೋಪಿನ ಘಾಟಿನಲ್ಲೂ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ತಿರುಪುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಹಿಂದೆ ಗೋಡೆಯ ಮೇಲೆ ಗುಮಾಸ್ತನೊಬ್ಬ ಸ್ಟೂಲು ಹತ್ತಿ ಕ್ಯಾಲೆಂಡರು ತೂಗುಹಾಕುತ್ತಿದ್ದ. ಅದು ಹೋದ ವರ್ಷದ್ದು, ತೆರೆದಿದ್ದ ಹಾಳೆ ಮಾರ್ಚ್. ಮೂರನೆಯ ಯಂತ್ರ ಮಾತ್ರ ನಿಂತಿತ್ತು, ಅದರ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು.

ಮ್ಯಾನೇಜರ್ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಮೇಡಂ, ಒಂದು ಸಣ್ಣ ವಿಷಯ. ನಮ್ಮಲ್ಲಿ ತರಬೇತಿ ವಿಡಿಯೋಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸ್ತಾರೆ. ಇದು ಹೋದ ವರ್ಷದ ಸಾಲಿನಲ್ಲಿ ಬರಬೇಕಿತ್ತು, ಯಾರೋ ಮರೆತಿದ್ರು. ನಿಮ್ಮ ಕ್ಯಾಮೆರಾದ ಗಡಿಯಾರನ ಹೋದ ವರ್ಷದ ಮಾರ್ಚಿಗೆ ಇಟ್ಟುಬಿಡಿ. ನಮ್ಮ ಕಂಪ್ಯೂಟರಿಗೆ ಸುಲಭ ಆಗುತ್ತೆ."

ಅವನ ಕತ್ತು ಬಿಗಿದಿತ್ತು. ಟೇಕಮ್ಮ ಅದನ್ನು ನೋಡಿದಳು. ನೋಡಿಯೂ, ಕೆಲಸ ಕೈತಪ್ಪೀತೆಂಬ ಅಳುಕಿಗೋ, ಊಟದ ಬಿಡುವಿನೊಳಗೆ ಮುಗಿಸಬೇಕೆಂಬ ಅವಸರಕ್ಕೋ, ಮೆನು ತೆರೆದು ತಾರೀಕನ್ನು ಹಿಂದಕ್ಕೆ ತಿರುಗಿಸಿದಳು. ನಾಲ್ಕು ಸಲ ಗುಂಡಿ ಒತ್ತುವ ಕೆಲಸ, ಅಷ್ಟೇ.

"ನಿಮ್ಮದೂ?" ಎಂದು ಮ್ಯಾನೇಜರ್ ಕಿವಿಯಣ್ಣನನ್ನು ಕೇಳಿದ.

"ನನ್ನ ಯಂತ್ರದಲ್ಲಿ ಗಡಿಯಾರ ಇಲ್ಲ" ಎಂದ ಕಿವಿಯಣ್ಣ, ನೆಲ ನೋಡುತ್ತ.

ಅದು ಸುಳ್ಳು. ಅವನ ರೆಕಾರ್ಡರಿನಲ್ಲಿ ಗಡಿಯಾರ ಇರುವುದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಕೆಲಸಗಾರ ಹೆಂಗಸರೆಲ್ಲ ನೀಲಿ ಏಪ್ರನ್ ತೊಟ್ಟು ಸಾಲಾಗಿ ನಿಂತರು. ಬಟ್ಟೆ ಕೊಡುವಾಗ ಅವರ ಕೈಗಳು ಕಂಬಿಗೆ ಇನ್ನೂ ಒಂದು ಗೇಣು ದೂರವಿರುವಾಗಲೇ ಬೆಂಕಿ ಕಂಡಂತೆ ಹಿಂದಕ್ಕೆ ಜಿಗಿಯುತ್ತಿದ್ದವು. "ನಿಧಾನಕ್ಕೆ, ದಿನಾ ಮಾಡೋ ಹಾಗೆ ಮಾಡಿ. ಇನ್ನೊಂದು ಟೇಕ್" ಎಂದಳು ಟೇಕಮ್ಮ. ಏಳು ಟೇಕಾದರೂ ಕೈಗಳು ಜಿಗಿಯುವುದು ನಿಲ್ಲಲಿಲ್ಲ. ಬೆಳಕು ಚೆನ್ನಾಗಿದೆಯೆಂದು ಮೂರನೆಯ ಯಂತ್ರದತ್ತ ಹೋದಾಗ ಬಟ್ಟೆ ಮಡಚುವ ಮುದುಕಿಯೊಬ್ಬಳು, "ಅದು ಬೇಡಮ್ಮ" ಎಂದಳು.

"ಯಾಕೆ?"

ಮುದುಕಿ ಬಾಯಿ ತೆರೆಯುವುದರೊಳಗೆ ಮ್ಯಾನೇಜರ್ ನಡುವೆ ಬಂದಿದ್ದ. "ರಿಪೇರಿ ಮೇಡಂ. ಮೋಟರ್ ಸುಟ್ಟಿದೆ."

ಸಾಯಂಕಾಲ ಸಾಮಾನು ಕಟ್ಟಿ ಹೊರಗೆ ಬಂದರೆ, ವ್ಯಾನಿನ ಬಳಿ ಮ್ಯಾನೇಜರೂ ಕಿವಿಯಣ್ಣನೂ ತಲೆ ತಗ್ಗಿಸಿಕೊಂಡು ಮಾತಾಡುತ್ತಿದ್ದರು. ಅವಳನ್ನು ಕಂಡೊಡನೆ ಇಬ್ಬರೂ ಸುಮ್ಮನಾದರು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಕಿವಿಯಣ್ಣನ ಕತ್ತನ್ನು ಅವಳು ನೋಡುತ್ತಲೇ ಇದ್ದಳು, ಮೊದಲ ಬಾರಿಗೆ.

ಮರುದಿನ ಎಡಿಟಿಂಗಿಗೆ ಕೂತಳು. ಅತ್ತೆ ಕಿಟಕಿ ಪಕ್ಕ ಯಾರದೋ ಪರದೆಯ ಅಂಚು ಮಡಚುತ್ತ ಆಗಾಗ ಕನ್ನಡಕದ ಮೇಲಿಂದ ಕಂಪ್ಯೂಟರ್ ಪರದೆಯತ್ತ ಇಣುಕುತ್ತಿದ್ದರು.

"ಇದು ಎಲ್ಲಿಯದು?"

"ಲಾಂಡ್ರಿ."

"ಲಾಂಡ್ರಿನಾ?" ಅತ್ತೆ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಇವರ ಮೈಮೇಲಿನ ಬಟ್ಟೆ ಒಂದು ಸಲಾನೂ ನೀರು ಕಂಡಿಲ್ಲವಲ್ಲೇ. ನೋಡು, ಪೊಟ್ಟಣದಲ್ಲಿ ಮಡಚಿಟ್ಟ ಗೆರೆ ಹಾಗೇ ಇದೆ. ಇವಳದ್ದಂತೂ ದಾರದ ತುದಿ ಕೂಡ ಕತ್ತರಿಸಿಲ್ಲ. ಹಿಂದಿನ ರಾತ್ರಿ ಹೊಲಿದು ಬೆಳಿಗ್ಗೆ ತೊಡಿಸಿದ್ದು ಇದು."

ಹೋದ ವರ್ಷದ ಕ್ಯಾಲೆಂಡರು, ಹಸಿ ಬಣ್ಣದ ಕಂಬಿ, ಪೊಟ್ಟಣದಿಂದ ಬಿಚ್ಚಿದ ಏಪ್ರನ್. ಯಾರೋ ಹೋದ ವರ್ಷವನ್ನೇ ಹೊಸದಾಗಿ ತಯಾರು ಮಾಡುತ್ತಿದ್ದಾರೆ, ಅದಕ್ಕೆ ತಾನೂ ಕೈ ಜೋಡಿಸಿದ್ದೇನೆ. ಯಾಕೆ ಎಂಬುದು ಮಾತ್ರ ಗೊತ್ತಿಲ್ಲ.

ಕಿವಿಯಣ್ಣ ಕಳಿಸಿದ ಶಬ್ದದ ಫೈಲುಗಳನ್ನು ತೆರೆದಳು. ಹದಿನಾಲ್ಕಾದ ಮೇಲೆ ಹದಿನಾರು. ಹದಿನೈದು ಇಲ್ಲ. ಅದು ಊಟದ ಬಿಡುವಿನ ಹೊತ್ತಿನದು. ಚಿತ್ರೀಕರಣವಿಲ್ಲದಾಗಿನ ಕೋಣೆಯ ಬರೀ ಸದ್ದನ್ನು ಹಿಡಿಯಲೆಂದು ಅವನು ಯಂತ್ರ ಹಚ್ಚಿಟ್ಟು ಕೂರುವ ಸಮಯ. ಫೋನ್ ಮಾಡಿದಳು.

"ಅದರಲ್ಲಿ ಏನೂ ಇರಲಿಲ್ಲ. ಅಳಿಸಿಬಿಟ್ಟೆ" ಎಂದ.

ಯಾರದೋ ಕೆಮ್ಮನ್ನು ಕೂಡ ಅಳಿಸದೆ ವರ್ಷಗಟ್ಟಲೆ ಜೋಪಾನ ಮಾಡುವ ಮನುಷ್ಯ. ಮೂರು ದಿನ ಅವಳು ಒಳಗೊಳಗೇ ಕುದಿದಳು. ಈ ಕೆಲಸ ತಂದವನು ಅವನು. ವ್ಯಾನಿನ ಬಳಿ ಪಿಸುಗುಟ್ಟಿದವನು ಅವನು. ಗಡಿಯಾರದ ಬಗ್ಗೆ ಸುಳ್ಳು ಹೇಳಿದವನೂ ಅವನೇ. ತೂಕ ಹಾಕಿದಷ್ಟೂ ತಕ್ಕಡಿ ಒಂದೇ ಕಡೆಗೆ ವಾಲುತ್ತಿತ್ತು. ನಾಲ್ಕನೆಯ ದಿನ ಅವನು ಮೈಕಿನ ವೈರು ಒಯ್ಯಲು ಮನೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು:

"ಆ ಮ್ಯಾನೇಜರ್ ನಿನಗೆ ಎಷ್ಟು ಕೊಟ್ಟ?"

ಕಿವಿಯಣ್ಣ ಅವಳನ್ನು ನೋಡಿದ. ಸಿಟ್ಟೂ ಬರಲಿಲ್ಲ ಅವನಿಗೆ. ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ವೈರನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಹೋದ.

"ಏನಂದೆ ಅವನಿಗೆ?" ಎಂದರು ಅತ್ತೆ ಒಳಗಿನಿಂದ.

"ಕೇಳಬೇಕಾದ್ದು ಕೇಳಿದೆ."

ಏಳು ನಿಮಿಷದ ವಿಡಿಯೋ ಮುಗಿಸಿ ಕಳಿಸಿಯೂ ಆಯಿತು. ಕಳಿಸಿದ ಎರಡು ದಿನಕ್ಕೆ ಗುರುತಿಲ್ಲದ ಸಂಖ್ಯೆಯಿಂದ ಕರೆ. ಹೆಂಗಸಿನ ದನಿ.

"ನೀವು ಲಾಂಡ್ರಿಲಿ ವಿಡಿಯೋ ತೆಗೆದವರಾ? ಮೂರನೇ ಯಂತ್ರದಲ್ಲಿ ಕೆಲಸ ಮಾಡ್ತಿದ್ದವಳ ತಂಗಿ ನಾನು. ನಮ್ಮಕ್ಕನ ವಿಷಯ ಮಾತಾಡಬೇಕಿತ್ತು."

ಮ್ಯಾನೇಜರ್ ತನ್ನನ್ನು ಪರೀಕ್ಷೆ ಮಾಡಲು ಯಾರ ಕೈಲೋ ಮಾತಾಡಿಸುತ್ತಿದ್ದಾನೆ ಎಂಬುದೇ ಟೇಕಮ್ಮನಿಗೆ ಮೊದಲು ಹೊಳೆದದ್ದು. "ಯಾರು ಕೊಟ್ರು ನನ್ನ ನಂಬರು?" ಎಂದಳು. ಆ ದನಿ ತಡವರಿಸಿತು, "ಸಿಕ್ಕಿದಾಗ ಹೇಳ್ತೀನಿ" ಎಂದಿತು. ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆದರೂ ಹೋಗದಿರಲು ಮನಸ್ಸಾಗಲಿಲ್ಲ. ಔಷಧಿ ಅಂಗಡಿಯ ಎದುರಿನ ಬಸ್ ನಿಲ್ದಾಣಕ್ಕೆ, ಹಗಲು ಹನ್ನೊಂದಕ್ಕೆ, ಜನ ಇರುವ ಹೊತ್ತಿಗೆ ಬರಹೇಳಿದಳು. ಹತ್ತೂವರೆಗೇ ಹೋಗಿ ಔಷಧಿ ಅಂಗಡಿಯೊಳಗೆ ನಿಂತು, ಕೆಮ್ಮಿನ ಔಷಧದ ಸೀಸೆಗಳ ಮರೆಯಿಂದ ಬೀದಿ ಕಾಯ್ದಳು.

ಇಬ್ಬರು ಬಂದರು. ಚಿಕ್ಕವಳು ಸುತ್ತಮುತ್ತ ನೋಡುತ್ತಿದ್ದಳು. ದೊಡ್ಡವಳು ಮೂವತ್ತೈದರ ಆಸುಪಾಸಿನವಳು, ಬಲಗೈಯನ್ನು ಹೆಗಲ ಚೀಲದೊಳಗೆ ಇಟ್ಟುಕೊಂಡೇ ಬೆಂಚಿನ ಮೇಲೆ ಕೂತಳು. ಟೇಕಮ್ಮ ಹೋಗಿ ಎದುರು ನಿಂತು, ಕ್ಷೇಮ ಸಮಾಚಾರವೂ ಇಲ್ಲದೆ ಕೇಳಿದಳು: "ಮೂರನೇ ಯಂತ್ರದ್ದು ನಿಲ್ಲಿಸೋ ಸ್ವಿಚ್ ಯಾವ ಕಡೆ ಇದೆ?"

ಪ್ರಶ್ನೆ ಕೇಳಿ ತಂಗಿಯ ಮುಖ ಕೆಂಪಾಯಿತು. ಅಕ್ಕ ಮಾತ್ರ ಸಮಾಧಾನವಾಗಿಯೇ ಉತ್ತರಿಸಿದಳು.

"ಎಡಗಡೆ. ಆದ್ರೆ ಅದು ಕೆಲಸ ಮಾಡ್ತಿರಲಿಲ್ಲ. ನಿಲ್ಲಿಸಬೇಕು ಅಂದ್ರೆ ಹಿಂದಿನ ಗೋಡೆ ತನಕ ಓಡಬೇಕಿತ್ತು. ಅವತ್ತು ನನ್ನ ಜೊತೆಯವಳು ಓಡಿದಳು. ಅವಳು ಬೇಗನೇ ಓಡಿದಳು, ಪಾಪ."

ಆಮೇಲೆ ಚೀಲದಿಂದ ಕೈ ಹೊರತೆಗೆದಳು. ತೋರಿಸಲಿಕ್ಕಲ್ಲ, ಸೆರಗು ಸರಿಮಾಡಿಕೊಳ್ಳಲು. ಹೆಬ್ಬೆರಳು ಒಂದೇ ಪೂರ್ತಿಯಾಗಿತ್ತು. ಟೇಕಮ್ಮ ಬೆಂಚಿನ ತುದಿಯಲ್ಲಿ ಕೂತಳು.

ಸಂಗತಿ ಇಷ್ಟು. ಹೋದ ವರ್ಷದ ಸೆಪ್ಟೆಂಬರಿನಲ್ಲಿ ಅಪಘಾತವಾದಾಗ ಆ ಯಂತ್ರಗಳಿಗೆ ಕಂಬಿಯೇ ಇರಲಿಲ್ಲ, ಯಾರಿಗೂ ಯಾವ ತರಬೇತಿಯೂ ಆಗಿರಲಿಲ್ಲ. ಈಗ ಕಂಪನಿಯವರು, ಕಂಬಿ ಮೊದಲಿಂದ ಇತ್ತು, ಅದೇ ವರ್ಷದ ಮಾರ್ಚಿನಲ್ಲೇ ವಿಡಿಯೋ ತೋರಿಸಿ ಪಾಠ ಹೇಳಿದ್ದೆವು, ಬೇಗ ಮುಗಿಸುವ ಆಸೆಗೆ ಅವಳೇ ಕಂಬಿ ಬಿಚ್ಚಿಟ್ಟಳು ಎನ್ನುತ್ತಿದ್ದಾರೆ. ಮುಂದಿನ ಗುರುವಾರ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ.

"ನನ್ನ ನಂಬರು ಕೊಟ್ಟಿದ್ದು ಯಾರು?" ಎಂದು ಟೇಕಮ್ಮ ಮತ್ತೆ ಕೇಳಿದಳು. ಈ ಸಲ ದನಿ ಮೆತ್ತಗಿತ್ತು.

"ಕಿವಿಗೆ ಯಂತ್ರ ಹಾಕ್ಕೊಂಡಿದ್ರಲ್ಲ, ಆ ಅಣ್ಣ" ಎಂದಳು ತಂಗಿ. "ಊಟದ ಹೊತ್ತಲ್ಲಿ ನಮ್ಮ ಅಜ್ಜಿ, ಅದೇ ಬಟ್ಟೆ ಮಡಚೋರು, ಬೇರೆಯವರ ಹತ್ರ ಇದನ್ನೆಲ್ಲ ಮಾತಾಡಿದ್ದು ಅವರ ಯಂತ್ರದಲ್ಲಿ ಸಿಕ್ಕಿತ್ತಂತೆ. ಅಜ್ಜಿನ ಹುಡುಕಿಕೊಂಡು ಮನೆಗೆ ಬಂದು ಅದನ್ನ ಕೊಟ್ಟು ಹೋದ್ರು. ನಿಮ್ಮ ಹೆಸರನ್ನ ನಾವು ಎಲ್ಲೂ ತರಬಾರದು ಅಂತಾನೂ ಹೇಳಿದ್ರು. ನಿನ್ನೆ ನಾವೇ ಕಾಡಿ ಬೇಡಿ ನಂಬರು ಇಸ್ಕೊಂಡ್ವಿ."

ಬಸ್ಸೊಂದು ಬಂದು ನಿಂತು ಹೋಯಿತು.

ಮನೆಗೆ ಬಂದರೆ ಹಣ್ಣಿನ ಬುಟ್ಟಿ ಹಿಡಿದು ಮ್ಯಾನೇಜರೇ ಕೂತಿದ್ದ. ಎದುರಿಗೆ ಅತ್ತೆ, ಕೈಯಲ್ಲಿ ಸೂಜಿ. ವಿಡಿಯೋ ಬಹಳ ಚೆನ್ನಾಗಿ ಬಂದಿದೆ ಎಂದ. ಮುಂದೆ ಕಂಪನಿಯ ಆರೂ ಘಟಕಗಳ ಕೆಲಸ ಅವಳಿಗೇ ಎಂದ. ಕೊನೆಗೆ, ಎಡಿಟ್ ಮಾಡುವ ಮೊದಲಿನ ಫೈಲುಗಳನ್ನೆಲ್ಲ ತನಗೆ ಕೊಟ್ಟು, ತನ್ನೆದುರಿಗೇ ಕಂಪ್ಯೂಟರಿನಿಂದ ಅಳಿಸಿಬಿಡಬೇಕು, ಕಂಪನಿಯ ನಿಯಮ, ಎಂದ.

"ಒಪ್ಪಂದದಲ್ಲಿ ಹಾಗೆ ಬರೆದಿಲ್ಲ" ಎಂದಳು ಟೇಕಮ್ಮ.

"ಬರೆಯದೇ ಇರೋದು ಎಷ್ಟೋ ಇರುತ್ತೆ ಮೇಡಂ. ನಿಮ್ಮ ಜೊತೆಯವರಿಗೂ ಅವತ್ತೇ ಹೇಳಿದೆ, ಶಬ್ದ ತುಂಬಿರೋ ಆ ಮೆಮೊರಿ ಕಾರ್ಡ್ ಕೊಟ್ಟುಬಿಡಿ ಅಂತ. ಅದು ಮೇಡಮ್ಮಿಂದು, ಮುಟ್ಟೋ ಹಾಗಿಲ್ಲ ಅಂದ್ರು. ತಿಳಿವಳಿಕೆ ಕಡಿಮೆ. ನೀವು ಹಾಗಲ್ಲ."

ವ್ಯಾನಿನ ಬಳಿಯ ಪಿಸುಮಾತು ಅದಾಗಿತ್ತು. ಆಗ ಅತ್ತೆ ತಲೆಯೆತ್ತದೆಯೇ ಹೇಳಿದರು: "ನಿಮ್ಮ ಕೋಟಿನ ಎಡ ತೋಳು ಒಂದು ಬೆರಳು ಉದ್ದ ಬಂದಿದೆ ನೋಡಿ. ಬಿಚ್ಚಿ ಕೊಟ್ರೆ ಕತ್ತರಿಸಿ ಕೊಡ್ತೀನಿ. ಇಲ್ಲಾಂದ್ರೆ ಹೊರಡಿ, ನನಗೆ ಕಾಲು ಚಾಚಬೇಕು."

ಅವನು ಹೊರಟ. ಬುಟ್ಟಿಯನ್ನು ಅತ್ತೆ ಅವನ ಹಿಂದೆಯೇ ಗೇಟಿನವರೆಗೆ ಹೊತ್ತು ಮುಟ್ಟಿಸಿ ಬಂದರು, ಮಂಡಿನೋವಿದ್ದೂ.

ಕಾರ್ಮಿಕ ಕಚೇರಿಯ ವಿಚಾರಣೆ ಕೋಣೆ ಚಿಕ್ಕದು. ಕಡತಗಳ ರಾಶಿಯ ನಡುವೆ ಅಧಿಕಾರಿಣಿ, ಒಂದು ಕಡೆ ಕಂಪನಿಯ ವಕೀಲ ಮತ್ತು ಮ್ಯಾನೇಜರ್, ಇನ್ನೊಂದು ಕಡೆ ಅಕ್ಕತಂಗಿಯರು. ಹಿಂದಿನ ಬೆಂಚಿನಲ್ಲಿ ಕಿವಿಯಣ್ಣನೂ ಇದ್ದ, ಟೇಕಮ್ಮನತ್ತ ನೋಡಲಿಲ್ಲ. ಕಂಪನಿಯವರು ವಿಡಿಯೋ ತೋರಿಸಿದರು. ಫೈಲಿನ ತಾರೀಕು, ಗೋಡೆಯ ಕ್ಯಾಲೆಂಡರು, ಎರಡೂ ಹೋದ ವರ್ಷದ ಮಾರ್ಚ್. ಈ ಅಕ್ಟೋಬರಿನ ತಾರೀಕಿದ್ದ, ಅಜ್ಜಿಯ ಮಾತಿನ ಫೈಲನ್ನು ಕೇಳಿಸಿದಾಗ ವಕೀಲ, "ಗಡಿಯಾರವನ್ನು ಯಾರು ಹೇಗೆ ಬೇಕಾದರೂ ಇಡಬಹುದು" ಎಂದು ತಳ್ಳಿಹಾಕಿದ. ಟೇಕಮ್ಮ ಎದ್ದು ನಿಂತಳು.

"ಇದನ್ನ ತೆಗೆದವಳು ನಾನು. ಈ ಅಕ್ಟೋಬರ್ ಹತ್ತನೇ ತಾರೀಕು, ಮಂಗಳವಾರ."

"ಹಾಗಾದರೆ ತಾರೀಕು ತಿದ್ದಿದವರು ಯಾರು?" ವಕೀಲ ಕೇಳಿದ.

"ನಾನೇ."

"ಅಂದರೆ ನೀವು ಸುಳ್ಳು ದಾಖಲೆ ಮಾಡಿದ್ದೀರಿ. ಇಂಥವರ ಮಾತನ್ನು ಈಗ ನಂಬಬೇಕೇ?"

"ನನ್ನ ಮಾತು ನಂಬಬೇಡಿ" ಎಂದು ಅವಳು ಚೀಲದಿಂದ ಎಡಿಟ್ ಮಾಡುವ ಮೊದಲಿನ ಫೈಲುಗಳಿದ್ದ ಮೆಮೊರಿ ಕಾರ್ಡನ್ನೂ ಕಾಗದವೊಂದನ್ನೂ ತೆಗೆದಳು. "ಪ್ರತಿ ಫೈಲಿನ ಒಳಗೂ ಅದನ್ನ ತೆಗೆದ ಕ್ಯಾಮೆರಾದ ಕ್ರಮಸಂಖ್ಯೆ ಇರುತ್ತೆ. ಅದನ್ನ ನಾನು ತಿದ್ದಿಲ್ಲ. ಆ ಕ್ಯಾಮೆರಾ ಅಂಗಡಿಯಿಂದ ಮನೆಗೆ ಬಂದಿದ್ದು ಈ ಜೂನಿನಲ್ಲಿ, ಬಿಲ್ಲು ಇಲ್ಲಿದೆ. ಹೋದ ವರ್ಷದ ಮಾರ್ಚಿನಲ್ಲಿ ಈ ಮಾದರಿಯೇ ಮಾರುಕಟ್ಟೆಗೆ ಬಂದಿರಲಿಲ್ಲ."

ಅಧಿಕಾರಿಣಿ ಸಂಖ್ಯೆಯನ್ನು ಎರಡು ಸಲ ತಾಳೆ ನೋಡಿದರು. ಮ್ಯಾನೇಜರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ವಕೀಲ ಇನ್ನೊಂದು ದಿನಾಂಕ ಕೇಳಿದ.

ತೀರ್ಮಾನಕ್ಕೆ ನಾಲ್ಕು ತಿಂಗಳು ಹಿಡಿಯಿತು. ತಪ್ಪು ಕಂಪನಿಯದೆಂದಾಯಿತು, ಬೆರಳು ಕಳೆದುಕೊಂಡವಳಿಗೆ ಪರಿಹಾರ ಸಿಕ್ಕಿತು. ಅವಳು ಲಾಂಡ್ರಿಗೆ ಮರಳಲಿಲ್ಲ. ಈಜುಕೊಳವೊಂದರ ಟಿಕೆಟ್ ಕಿಂಡಿಯಲ್ಲಿ ಕೂರುತ್ತಾಳೆ, ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾಳೆ. ಮ್ಯಾನೇಜರನ್ನು ಬೇರೆ ಘಟಕಕ್ಕೆ ಕಳಿಸಿದರಂತೆ. ಆದೇಶದ ಮೂರನೆಯ ಪುಟದಲ್ಲಿ ಟೇಕಮ್ಮನ ಬಗ್ಗೆಯೂ ಒಂದು ಸಾಲಿತ್ತು: ವಿಡಿಯೋ ತಯಾರಿಸಿದವರು ತಿಳಿದೂ ತಾರೀಕನ್ನು ಬದಲಿಸಿದ್ದಾರೆ. ಆ ಸಾಲನ್ನು ಅವಳು ಹಲವು ಸಲ ಓದಿದಳು. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಸುದ್ದಿ ಹಬ್ಬಿ, ಕಾರ್ಖಾನೆಗಳ ಕೆಲಸ ಬರುವುದು ನಿಂತೇ ಹೋಯಿತು. ಸಂಗೀತ ಶಾಲೆ, ನಾಯಿ ತರಬೇತಿ, ಕನ್ನಡಕದಂಗಡಿ, ಇಂಥವು ಬಂದವು.

ವಿಚಾರಣೆಯ ಮರುದಿನವೇ ಅವಳು ಮೈಕಿನ ವೈರು ಹಿಡಿದು ಕಿವಿಯಣ್ಣನ ಮನೆಗೆ ಹೋಗಿದ್ದಳು. ಅವನ ಹೆಂಡತಿ ಒಳಗೆ ಕೂರಿಸಿದಳು.

"ನನಗ್ಯಾಕೆ ಹೇಳಲಿಲ್ಲ?" ಎಂದಳು ಟೇಕಮ್ಮ.

"ಹೇಳಿದ್ರೆ ನೀನು ಅವತ್ತೇ ಅವನ ಜೊತೆ ಜಗಳಕ್ಕೆ ನಿಲ್ತಿದ್ದೆ. ನಿನ್ನ ಮುಖದಲ್ಲಿ ಯಾವುದೂ ಅಡಗಲ್ಲ. ಕಾರ್ಡ್ ಕಿತ್ಕೊಂಡು ಕಳಿಸ್ತಿದ್ರು" ಎಂದ. "ಕೆಲಸ ತಂದವನು ನಾನು. ಸಿಕ್ಕಿಕೊಂಡ್ರೆ ನಾನು ಸಿಕ್ಕಿಕೊಳ್ಳಲಿ ಅಂದ್ಕೊಂಡೆ."

"ನಾನು ಆಡಿದ ಮಾತು ತಪ್ಪಾಯ್ತು."

"ಹೂಂ" ಎಂದ. ವೈರನ್ನು ತೆಗೆದುಕೊಂಡು, ಸುತ್ತಿ ಪಕ್ಕಕ್ಕಿಟ್ಟ.

ಆರು ತಿಂಗಳು ಅವನು ಬರಲಿಲ್ಲ, ತನ್ನ ಬದಲಿಗೆ ಪರಿಚಯದವರನ್ನು ಕಳಿಸುತ್ತಿದ್ದ. ಆಮೇಲೆ ಒಂದು ದಿನ ಸಂಗೀತ ಶಾಲೆಯ ಕೆಲಸಕ್ಕೆ, ಪಿಟೀಲು ಸರಿಯಾಗಿ ಹಿಡಿಯಬೇಕೆಂದರೆ ಬೇರೆಯವರ ಕೈಲಾಗದು ಎಂದು ಅವಳೇ ಬೇಡಿಕೊಂಡಿದ್ದರಿಂದ, ಬಂದ. ಸಮಯಕ್ಕೆ ಸರಿಯಾಗಿ ಬಂದ. ಮೊದಲಿನಷ್ಟೇ ಅಚ್ಚುಕಟ್ಟಾಗಿ ಮೈಕುಗಳನ್ನು ಇಟ್ಟ, ಮಹಡಿಯಲ್ಲಿ ಫ್ಯಾನು ಕಿರುಗುಟ್ಟುತ್ತಿದೆ ಎಂದು ಹೇಳಿ ನಿಲ್ಲಿಸಿದ. ಹೆಡ್‌ಫೋನ್ ಏರಿಸಿಕೊಂಡು ಅವಳತ್ತ ತಿರುಗಿ ಕೇಳಿದ:

"ನೀವು ಶುರು ಮಾಡ್ತೀರಾ?"

ತನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು ಟೇಕಮ್ಮ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕ್ಯಾಮೆರಾ ಚಾಲೂ ಮಾಡಿದಳು.

ಈಗಲೂ ಅವರಿಬ್ಬರೂ ಒಟ್ಟಿಗೇ ಕೆಲಸ ಮಾಡುತ್ತಾರೆ. ಅವನು ಈಗಲೂ "ನೀವು" ಎಂದೇ ಅನ್ನುತ್ತಾನೆ.